ಡನ್ ಅಂದರೆ ಏನೇನು

ಮಾರ್ಚ್ ೩, ಸೋಮವಾರ

ಮಗಳೂ ನಾನೂ ಇವಳನ್ನು, ನನ್ನ ಹೆಂಡತಿಯನ್ನು, ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಲಕ್ವ ಹೊಡೆದು ಬಲಗೈಯಲ್ಲಿ ಬಲವಿಲ್ಲ. ಬಲಗಾಲು ಎಳೆಯುತ್ತದೆ, ಆದರೂ ನಡೆಯುತ್ತಾಳೆ. ಮಾತು ಹೋಗಿದೆ. ಒಂದೇ ಒಂದು ಉಳಿದಿದೆ. ‘ಡನ್’.

ಲಿಫ್ಟ್ ರಿಪೇರಿ ಕೆಲಸದ ವರದಿ ಬಿಟ್ಟರೆ ನಾನು ಏನನ್ನೂ ಬರೆದವನಲ್ಲ. ಮನೆಯಲ್ಲಿ ಸದ್ದೇ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಇಷ್ಟೇ.

ಮಾರ್ಚ್ ೪, ಮಂಗಳವಾರ

ಊಟ ಮಾಡಿದಳು. ಮಲಗಿದಳು. ಡನ್.

ಮಾರ್ಚ್ ೬, ಗುರುವಾರ

ಮಾತು ಕಲಿಸುವ ಮೇಡಂ ಬಂದಿದ್ದರು. ಚಿಕ್ಕ ವಯಸ್ಸು. ಇವಳ ಎದುರು ಕುಳಿತು ಚಮಚ ತೋರಿಸಿದರು, ಬಾಚಣಿಗೆ ತೋರಿಸಿದರು, ಬೀಗದ ಕೈ ತೋರಿಸಿದರು. ಮೂರಕ್ಕೂ ‘ಡನ್’.

“ಅವರಿಗೆ ಎಲ್ಲಾ ಅರ್ಥ ಆಗತ್ತೆ. ಹೇಳೋಕೆ ಹೋದರೆ ಇದೊಂದೇ ಹೊರಗೆ ಬರತ್ತೆ. ಈ ಮಾತನ್ನ ಅವರು ತುಂಬಾ ಬಳಸ್ತಿದ್ದರಾ?” ಎಂದು ಕೇಳಿದರು.

ನಾನು ಹೂಂ ಎಂದೆ. ಮಗಳು ವಿವರಿಸಿದಳು. ಇವಳು ಕೂದಲು ಕತ್ತರಿಸುವವಳು. ಸ್ವಂತ ಪಾರ್ಲರು. ಕತ್ತರಿ ಇಟ್ಟು, ಹೆಗಲ ಮೇಲಿನ ಬಟ್ಟೆ ಕೊಡವಿ, ಕುರ್ಚಿಯನ್ನು ಗಿರಕ್ಕನೆ ಕನ್ನಡಿಯ ಕಡೆ ತಿರುಗಿಸಿ “ಡನ್!” ಅನ್ನುವಳು. ಪ್ರತಿ ತಲೆಗೂ ಒಂದು ಡನ್. ಇಷ್ಟು ವರ್ಷದಲ್ಲಿ ಅದೆಷ್ಟು ತಲೆಗಳೋ.

“ನೀವು ದಿನಾ ಇವರ ಜೊತೆ ಮಾತಾಡ್ತಾ ಇರಬೇಕು ಸಾರ್.”

“ಏನು ಮಾತಾಡಲಿ?”

“ಏನಾದ್ರೂ. ನಿಮ್ಮ ಕೆಲಸದ ವಿಷಯಾನೇ ಹೇಳಿ.”

ಮಗಳು ಫಕ್ಕನೆ ನಕ್ಕಳು. “ಮೇಡಂ, ನಮ್ಮಪ್ಪ ವರ್ಷಕ್ಕೆ ಇಷ್ಟು ಅಂತ ಮಾತು ಲೆಕ್ಕ ಇಟ್ಕೊಂಡು ಆಡೋರು. ಅಮ್ಮ ಇವರಿಗಿಟ್ಟ ಹೆಸರೇ ಹೂಂರಾಯ.”

ನಿಜ. ಇವಳು ಮಾತಾಡುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಇಬ್ಬರಿಗೂ ಸರಿಹೋಗಿತ್ತು.

ಮಾರ್ಚ್ ೭, ಶುಕ್ರವಾರ

ಇವಳಿಗೆ ಹೇಳಿದ್ದು: ಇವತ್ತು ಒಂದು ಲಿಫ್ಟಿನ ಹಗ್ಗ ಬದಲಾಯಿಸಿದೆ. ಹಳೆಯದು ಸವೆದಿತ್ತು.

ಅಷ್ಟಕ್ಕೆ ವರದಿ ಮುಗಿಯಿತು. ಇವಳು ಕಾಯುತ್ತಿದ್ದಳು. ಹೊಸದು ಗಟ್ಟಿಯಾಗಿದೆ ಎಂದೆ.

ಮಾರ್ಚ್ ೯, ಭಾನುವಾರ

ಮಗಳು ಶಾಲೆಗೆ ಹೋಗುವಾಗ ಕೊಂಡ ಇಂಗ್ಲಿಷ್-ಕನ್ನಡ ನಿಘಂಟು ಅಟ್ಟದ ಮೇಲಿತ್ತು. ತೆಗೆದು ಧೂಳು ಹೊಡೆದೆ. ಹೆಂಡತಿ ಇಡೀ ದಿನ ಒಂದೇ ಮಾತು ಆಡುತ್ತಿರುವಾಗ ಅದರ ಅರ್ಥವನ್ನಾದರೂ ಸರಿಯಾಗಿ ತಿಳಿಯಬೇಡವೇ. ‘ಡೂ’ ಎಂಬ ಕ್ರಿಯಾಪದದ ಭೂತಕೃದಂತ ಎಂದಿತ್ತು.

“ಭೂತ ಅಂದ್ರೆ ದೆವ್ವ ಅಲ್ಲಪ್ಪಾ, ಆಗಿಹೋದದ್ದು” ಎಂದಳು ಮಗಳು. ಗೊತ್ತು ಎಂದೆ. ಆದರೆ ಒಂದು ಮಾತು ಬಾಯಿಗೆ ಹೊಕ್ಕು ಉಳಿದ ಮಾತುಗಳನ್ನೆಲ್ಲ ಓಡಿಸಿ ತಾನೇ ಠಿಕಾಣಿ ಹೂಡಿದ್ದರೆ ಅದನ್ನು ದೆವ್ವ ಅಂದರೆ ತಪ್ಪೇನು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಇವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಮಾಡಿದ. ಮುಗಿದ. ಅಡುಗೆಯ ವಿಷಯದಲ್ಲಿ ಬೆಂದ. ವ್ಯವಹಾರ ಕುದುರಿದಾಗ ಒಪ್ಪಿದೆ, ಆಗಲಿ. ಮನುಷ್ಯರ ವಿಷಯದಲ್ಲಿ ದಣಿದ, ಬೇಸತ್ತ. ಜೊತೆಗೆ ‘ಫಾರ್’ ಸೇರಿದರೆ ಕತೆ ಮುಗಿದ.

“ಡನ್” ಎಂದಳು ಇವಳು.

ನಾನು ಮುಂದೆ ಓದಿದೆ.

“ಡನ್! ಡನ್!”

ಹೂಂ ಎಂದು ಪುಟ ತಿರುಗಿಸಿದೆ. ಇವಳು ಎಡಗೈಯಿಂದ ಮಂಚ ಗುದ್ದಿ ಮೂಗು ಮುಚ್ಚಿಕೊಂಡಳು. ಹಿಂದೆ ತಿರುಗಿ ನೋಡಿದರೆ ಒಲೆಯ ಮೇಲೆ ಆಲೂಗಡ್ಡೆ ನೀರೆಲ್ಲ ಇಂಗಿ ತಳ ಹಿಡಿದಿತ್ತು. ಬೆಂದ ಎಂಬ ಅರ್ಥವನ್ನು ನಿಘಂಟು ನೋಡದೆಯೇ ಹೇಳುತ್ತಿದ್ದಳು.

ಪಾತ್ರೆ ಉಜ್ಜಿ ಉಜ್ಜಿ ತೋಳು ಬಿದ್ದುಹೋಯಿತು.

ಮಾರ್ಚ್ ೧೪, ಶುಕ್ರವಾರ

ಇವಳ ಡನ್ ಈಗ ಸ್ವಲ್ಪ ಸ್ವಲ್ಪ ತಿಳಿಯುತ್ತದೆ. ಮೊಟಕಾಗಿ, ಮೇಲಕ್ಕೆ ಚಿಮ್ಮಿಸಿದರೆ ಆಯಿತು, ಸರಿ ಎಂದು. ಎರಡು ಸಲ ಬೇಗ ಬೇಗ ಅಂದರೆ ಏನೋ ಎಡವಟ್ಟಾಗಿದೆ. ಎಳೆದು ಕೆಳಕ್ಕೆ ಬಿಟ್ಟರೆ ಸುಸ್ತು, ನನ್ನ ಪಾಡಿಗೆ ಬಿಡು. ನಡುವಿನವು ಎಷ್ಟೋ ಇವೆ, ಅವು ನನಗೆ ಸಿಗುತ್ತಿಲ್ಲ.

ತಲೆಯಾಡಿಸುವುದನ್ನು ನಂಬಬೇಡಿ ಎಂದು ಮೇಡಂ ಮೊದಲೇ ಹೇಳಿದ್ದರು. ಹೌದು, ಅಲ್ಲ ಎರಡೂ ಸದ್ಯಕ್ಕೆ ಅದಲುಬದಲಾಗುತ್ತವಂತೆ. ಬೆಳಿಗ್ಗೆ ಕಾಫಿ ಬೇಕಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ ನನ್ನ ಲೋಟವನ್ನೇ ಎತ್ತಿಕೊಂಡಳು.

ಸಂಜೆ ಗಿಡ್ಡಿ ಬಂದಿದ್ದಳು. ಪಾರ್ಲರಿನಲ್ಲಿ ಇವಳ ಜೊತೆಗಾತಿ. ಇವಳ ಕತ್ತರಿಗಳ ಚೀಲ ತಂದುಕೊಟ್ಟು, ಕೈ ಹಿಡಿದುಕೊಂಡು “ಅಕ್ಕಾ, ನೀನಿಲ್ಲದೆ ಅಂಗಡಿ ಬಿಕೋ ಅಂತಿದೆ” ಎಂದು ಗೊಳೋ ಅಂದಳು. ಇವಳೇ ಅವಳ ಬೆನ್ನು ಸವರಿ ಸಮಾಧಾನ ಮಾಡಿದಳು, “ಡನ್, ಡನ್, ಡನ್” ಎಂದು, ಮಗುವನ್ನು ತಟ್ಟುವ ಹಾಗೆ. ಈ ಅರ್ಥ ನಿಘಂಟಿನಲ್ಲಿ ಇರಲಿಲ್ಲ.

ಮಾರ್ಚ್ ೧೭, ಸೋಮವಾರ

ಇವತ್ತಿನದನ್ನು ಬರೆಯಲೇಬೇಕು. ಕಚೇರಿಗಳಿರುವ ಒಂದು ಎತ್ತರದ ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಿತ್ತು. ಒಳಗೆ ಒಬ್ಬ ಮುದುಕಿ, ಒಬ್ಬಳೇ. ಇಂಥ ಹೊತ್ತಿನಲ್ಲಿ ಒಬ್ಬರು ಬಾಗಿಲ ಹತ್ತಿರ ನಿಂತು ಒಳಗಿದ್ದವರನ್ನು ಮಾತಾಡಿಸಬೇಕು, ಇನ್ನೊಬ್ಬರು ಮೇಲೆ ಹೋಗಿ ಬ್ರೇಕ್ ಬಿಡಿಸಿ ಲಿಫ್ಟನ್ನು ಕೈಯಿಂದ ಇಳಿಸಬೇಕು. ಮಾತಾಡಿಸುವ ಕೆಲಸ ಯಾವಾಗಲೂ ನನ್ನ ಜೊತೆಗಾರ ದಪ್ಪಣ್ಣನದು. ಇವತ್ತು ಅವನಿಗೆ ಗಂಟಲು ಕಟ್ಟಿ ಸ್ವರವೇ ಹೊರಡುತ್ತಿರಲಿಲ್ಲ. ಅವನು ಮೇಲೆ ಹೋದ, ನಾನು ಬಾಗಿಲಲ್ಲಿ ನಿಂತೆ.

“ಯಾರಾದ್ರೂ ಇದ್ದೀರೇನಪ್ಪಾ? ಬಿದ್ದುಹೋಗತ್ತಾ ಇದು?” ಎಂದು ಅಜ್ಜಿ ಒಳಗಿನಿಂದ ಕೂಗಿದರು.

ಬೀಳುವುದಿಲ್ಲ ಎಂದೆ. ಯಾಕೆ ಬೀಳುವುದಿಲ್ಲ ಎಂದೂ ಹೇಳಿದೆ. ಹಗ್ಗ ಒಂದಲ್ಲ, ಹಲವು. ಅವೆಲ್ಲ ಹೋದರೂ ಪಕ್ಕದ ಕಂಬಿಯನ್ನು ಕಚ್ಚಿ ಹಿಡಿಯುವ ದವಡೆಗಳಿವೆ. ಹಾಗೆಯೇ ಮಾತು ಮುಂದುವರಿದು ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಕೊಂಡ ಮದುಮಗನ ಕತೆ ಹೇಳಿದೆ, ನಮ್ಮ ಆಲೂಗಡ್ಡೆಯ ಕತೆ ಹೇಳಿದೆ, ಇವಳ ಕತೆಯನ್ನೂ ಹೇಳಿದೆ. ಬಾಗಿಲು ತೆರೆದಾಗ ಅಜ್ಜಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

“ಅಷ್ಟು ಬೇಗ ತೆಗೆದುಬಿಟ್ರಾ? ಕತೆ ಗಿಡ್ಡಿ ಬಂದು ಅತ್ತಳು ಅನ್ನೋವರೆಗೆ ಬಂದಿತ್ತು” ಎಂದರು.

ಮನೆಗೆ ಬಂದು ಇವಳಿಗೆ ಇದನ್ನೆಲ್ಲ ಹೇಳಿದೆ. ಅಜ್ಜಿ ಹೇಗೆ ಎದ್ದರು, ಹೇಗೆ ಸೆರಗು ಕೊಡವಿದರು, ಎಲ್ಲಾ. ಇವಳು ನನ್ನ ಬಾಯನ್ನೇ ನೋಡುತ್ತಿದ್ದಳು. ದಪ್ಪಣ್ಣನಿಗೆ ಗಂಟಲು ಕಟ್ಟದಿದ್ದರೆ ಇದೆಲ್ಲ ನಡೆಯುತ್ತಿರಲಿಲ್ಲ.

ಮಾರ್ಚ್ ೨೦, ಗುರುವಾರ

ಕುತ್ತಿಗೆಯ ಡಾಕ್ಟರ ಹತ್ತಿರ ಹೋಗಿದ್ದೆವು. ಮೆದುಳಿಗೆ ರಕ್ತ ಒಯ್ಯುವ ನಾಳ ಕುತ್ತಿಗೆಯ ಎಡಗಡೆ ಒಳಗೊಳಗೇ ಕಟ್ಟಿಕೊಂಡಿದೆಯಂತೆ.

“ಕೊಯ್ದು ಶುಚಿ ಮಾಡ್ಬೇಕು. ಮಾಡದಿದ್ರೆ ಇನ್ನೊಂದು ಸಲ ಹೀಗೇ ಆಗಬಹುದು, ಇದಕ್ಕಿಂತ ಜೋರಾಗಿ. ಮಾಡೋದ್ರಲ್ಲೂ ಅಪಾಯ ಇಲ್ಲ ಅಂತ ಹೇಳಲ್ಲ. ಅಪರೂಪಕ್ಕೆ ಒಬ್ಬಿಬ್ಬರಿಗೆ ಆಪರೇಷನ್ ಮೇಜಿನ ಮೇಲೇ ಲಕ್ವ ಹೊಡೆದುಬಿಡತ್ತೆ. ಮಾತು ವಾಪಸ್ ಬರೋಕೂ ಇದಕ್ಕೂ ಸಂಬಂಧ ಇಲ್ಲ, ಅದು ಬೇರೆ. ಇದು ಮುಂದೆ ಆಗೋದನ್ನ ತಡೆಯೋಕೆ.”

ಡಾಕ್ಟರು ಇವಳ ಕಡೆ ತಿರುಗಿದರು. “ನೀವೇನಂತೀರಮ್ಮಾ?”

“ಡನ್” ಎಂದಳು.

“ಒಳ್ಳೇದು” ಎಂದರು ಡಾಕ್ಟರು. ಮಗಳು ಇವಳ ಕೈ ಅದುಮಿದಳು. ಮುಂದಿನ ಶುಕ್ರವಾರ ಎಂದು ಗೊತ್ತಾಯಿತು.

ನಾನು ಆ ಹೊತ್ತಿಗೆ ಗೋಡೆಯ ಮೇಲಿದ್ದ ಕುತ್ತಿಗೆಯ ಚಿತ್ರ ನೋಡುತ್ತಿದ್ದೆ. ಇವಳ ಮುಖ ನೋಡಲಿಲ್ಲ. ಕಿವಿಗೆ ಬಿದ್ದದ್ದು ಮಾತ್ರ ಎಳೆದ ಡನ್ ಅನಿಸಿತು. ಕೆಳಕ್ಕೆ ಬಿಟ್ಟ ಡನ್.

ಮಾರ್ಚ್ ೨೧, ಶುಕ್ರವಾರ

ಮಗಳ ಜೊತೆ ಜಗಳ.

“ಅಮ್ಮ ಒಪ್ಪಿದ್ದಾಳೆ ಅಪ್ಪಾ. ನಾನು ಪಕ್ಕದಲ್ಲೇ ಇದ್ದೆ.”

“ಒಪ್ಪಿದೆ ಅಂದಳೋ, ನಂಗೆ ಬೇಜಾರಾಗಿದೆ, ನನ್ನ ಬಿಟ್ಟುಬಿಡಿ ಅಂದಳೋ?”

“ನಿನಗೆ ಹೆದರಿಕೆ. ಅದಕ್ಕೆ ನಿನಗೆ ಹಾಗೆ ಕೇಳಿಸ್ತು.”

“ನಿನಗೆ ಆಸೆ. ಅದಕ್ಕೆ ನಿನಗೆ ಹೀಗೆ ಕೇಳಿಸ್ತು.”

ಮಗಳು ಬಾಗಿಲು ದಡಾರನೆ ಹಾಕಿಕೊಂಡಳು. ಒಳಗೆ ಅತ್ತಳೆಂದು ಕಾಣುತ್ತದೆ. ನಾನು ಹಾಗೆ ಅನ್ನಬಾರದಿತ್ತು. ಆದರೆ ಕುತ್ತಿಗೆ ಇವಳದು. ಇವಳು ಏನು ಹೇಳಿದಳೆಂದು ತಿಳಿಯದೆ ಕತ್ತಿ ಇಡುವುದಕ್ಕೆ ನಾನು ಹೇಗೆ ಹೂಂ ಅನ್ನಲಿ? ಜೀವನವಿಡೀ ಹೂಂ ಅಂದದ್ದು ಸಾಲದೇ.

ಮಾರ್ಚ್ ೨೨, ಶನಿವಾರ

ಮೇಡಂ ಎರಡು ಚಿತ್ರ ಬರೆದು ತಂದಿದ್ದರು. ಒಂದರಲ್ಲಿ ಆಸ್ಪತ್ರೆಯ ಮಂಚ, ಇನ್ನೊಂದರಲ್ಲಿ ಮನೆ. ಯಾವುದು ಬೇಕೋ ಅದನ್ನು ಮುಟ್ಟಿ ಎಂದರು. ಇವಳು ಎರಡನ್ನೂ ದೂಡಿದಳು. ಒಂದು ನೆಲಕ್ಕೆ ಬಿತ್ತು. ಮತ್ತೆ ಕೇಳಿದರೆ ಗೋಡೆಗೆ ಮುಖ ಮಾಡಿ ಮಲಗಿದಳು.

“ಚಿತ್ರಗಳ ಜೊತೆ ಇವರಿಗೆ ಇನ್ನೂ ಸರಿಹೋಗ್ತಿಲ್ಲ” ಎಂದರು ಮೇಡಂ, ಪಾಪ.

ಸಂಜೆ ಹಾಸಿಗೆಯ ಬಳಿ ಕೂತು ನಾನೇ ಕೇಳಿದೆ. ಹೀಗೆ ಮಾಡಿದರೆ ಹೀಗೆ, ಮಾಡದಿದ್ದರೆ ಹಾಗೆ ಎಂದು ಎಲ್ಲವನ್ನೂ ಮೊದಲಿಂದ ಹೇಳಿ, ಮತ್ತೆ ಹೇಳಿ, ನನಗೆ ಅನಿಸಿದ್ದನ್ನೂ ಹೇಳಿ ಕೇಳಿದೆ. ಡನ್ ಎಂದಳು. ಯಾವ ಡನ್ ಎಂದು ತಿಳಿಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾನು ಮುಂದಿನ ಮಾತು ಶುರು ಮಾಡಿದ್ದೆ.

ಮಾರ್ಚ್ ೨೩, ಭಾನುವಾರ

ತಿಳಿಯಿತು. ನಗು ಬರುತ್ತಿದೆ. ಕ್ರಮವಾಗಿ ಬರೆಯುತ್ತೇನೆ.

ತಿಂಡಿಯಾದ ಮೇಲೆ ಇವಳು ನನ್ನ ತಲೆ ನೋಡಿ ಮುಖ ಸಿಂಡರಿಸಿದಳು. ಆಸ್ಪತ್ರೆ ಓಡಾಟದಲ್ಲಿ ಕೂದಲು ಕಿವಿ ದಾಟಿತ್ತು. ಎಡಗೈಯಿಂದ ಕುರ್ಚಿ ತಟ್ಟಿದಳು. ಕೂತೆ. ಕತ್ತರಿಗಳ ಚೀಲ ತೋರಿಸಿದಳು. ಎದ್ದು ತಂದುಕೊಟ್ಟೆ. ಮತ್ತೆ ಕೂತೆ. ಹೆಗಲ ಮೇಲೆ ಟವೆಲು ಬಿತ್ತು.

“ಎಡಗೈಯಲ್ಲಾ? ಕಿವಿ ಹುಷಾರು” ಎಂದೆ. ಆಮೇಲೆ ಎಡಗೈಗೆ ಬೇರೆ ಕತ್ತರಿ ಸಿಗುತ್ತದಂತೆ, ದಪ್ಪಣ್ಣನ ತಮ್ಮ ಎಡಚ, ಅವನ ಹತ್ತಿರ ಕೇಳಬಹುದು, ಆದರೆ ಆ ತಮ್ಮ ಇದ್ದಾನಲ್ಲ, ಅವನು... ಎನ್ನುವಷ್ಟರಲ್ಲಿ ಬಾಚಣಿಗೆಯಿಂದ ನೆತ್ತಿಗೆ ಒಂದು ಬಿತ್ತು. ಬಾಯಿ ಮುಚ್ಚಿದೆ.

ಕತ್ತರಿ ತಡವರಿಸುತ್ತಿತ್ತು. ಒಂದೊಂದು ಸಲ ಕತ್ತರಿಸುವಾಗಲೂ ಇವಳು ಉಸಿರು ಬಿಗಿಹಿಡಿಯುವುದು ಕೇಳುತ್ತಿತ್ತು. ಬಲಗೈಯನ್ನು ನನ್ನ ಹೆಗಲ ಮೇಲೆ ಸುಮ್ಮನೆ ಇಟ್ಟಿದ್ದಳು, ಅದು ಮೂಟೆಯಂತೆ ಭಾರವಾಗಿತ್ತು. ನಾನು ಅಲುಗಾಡಲಿಲ್ಲ. ಮಾತೂ ಆಡಲಿಲ್ಲ.

ಆಮೇಲೆ ರಟ್ಟೆ ಹಿಡಿದು ಎಬ್ಬಿಸಿ ಬೀರುವಿನ ಕನ್ನಡಿಯ ಮುಂದೆ ನಿಲ್ಲಿಸಿದಳು. ತಲೆಯ ಬಲ ಅರ್ಧ ಕತ್ತರಿಸಿ ಆಗಿತ್ತು. ಅಲ್ಲಲ್ಲಿ ಮೆಟ್ಟಿಲು ಬಿದ್ದಿದ್ದರೂ ಚೊಕ್ಕವಾಗಿತ್ತು. ಎಡ ಅರ್ಧ ಪೊದೆ. ಕಾಡಿನ ಅಂಚಿಗೆ ರಸ್ತೆ ಹಾಕಿದ ಹಾಗಿತ್ತು.

“ಇನ್ನರ್ಧ?” ಎಂದೆ.

ಇವಳು ಕತ್ತರಿಯನ್ನು ಚೀಲಕ್ಕೆ ಹಾಕಿ, ಹಲ್ಲಿನಿಂದ ಜಿಪ್ ಎಳೆದು, ಮೊಳೆಗೆ ತೂಗುಹಾಕಿದಳು. ದಣಿದಿರಬೇಕು ಅಂದುಕೊಂಡೆ. ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನೋಡುತ್ತಾ ನಿಂತೆ.

ಇವಳು ನಿಧಾನಕ್ಕೆ ಕ್ಯಾಲೆಂಡರಿನ ಹತ್ತಿರ ಹೋದಳು. ಮಗಳು ಶುಕ್ರವಾರಕ್ಕೆ ಕೆಂಪು ಗುರುತು ಹಾಕಿದ್ದಾಳೆ. ಇವಳು ಅದರ ಮೇಲೆ ಬೆರಳಿಟ್ಟು, ಅದೇ ಬೆರಳಿನಿಂದ ತನ್ನ ಕುತ್ತಿಗೆಯ ಎಡಗಡೆ ಒಂದು ಗೆರೆ ಎಳೆದಳು. ಮತ್ತೆ ಕ್ಯಾಲೆಂಡರು. ಬೆರಳು ಕೆಂಪು ಗುರುತನ್ನು ದಾಟಿ ಮುಂದಕ್ಕೆ ಹೋಗಿ, ಅದರಾಚೆಯ ಖಾಲಿ ಗೋಡೆಯವರೆಗೂ ಹೋಯಿತು. ಆಮೇಲೆ ಬಂದು ನನ್ನ ಪೊದೆಯೊಳಗೆ ಕೈಯಿಟ್ಟು ಕತ್ತರಿಯ ಹಾಗೆ ಎರಡು ಬೆರಳಾಡಿಸಿದಳು.

“ಆಪರೇಷನ್ ಮುಗಿಸ್ಕೊಂಡು ಬಂದು ಇನ್ನರ್ಧ ಕತ್ತರಿಸ್ತೀಯಾ?”

ಇಷ್ಟು ಹೊತ್ತು ಬೇಕಾಯಿತೇ ಎಂಬಂತೆ ನೋಡಿದಳು. ಟವೆಲು ಎಳೆದು ಕೊಡವಿ, ನನ್ನ ಹೆಗಲು ಹಿಡಿದು ಗಿರಕ್ಕನೆ ಕನ್ನಡಿಯ ಕಡೆ ತಿರುಗಿಸಿದಳು.

“ಡನ್!”

ಮೊಟಕು. ಮೇಲಕ್ಕೆ ಚಿಮ್ಮಿದ್ದು. ಸಂಶಯವೇ ಇಲ್ಲ.

ಸದ್ದು ಕೇಳಿ ಮಗಳು ಓಡಿಬಂದಳು. ನನ್ನ ತಲೆ ನೋಡಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಮೂವರೂ ನಕ್ಕೆವು. ಮನೆಯಲ್ಲಿ ಎಷ್ಟು ದಿನಕ್ಕೆ.

ಮಾರ್ಚ್ ೨೫, ಮಂಗಳವಾರ

ಅರ್ಧ ತಲೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದೇನೆ. ಮೇಲಧಿಕಾರಿ ಒಂದು ಟೋಪಿ ಕೊಟ್ಟು, “ಗ್ರಾಹಕರ ಮುಂದೆ ಹಾಕ್ಕೊಳ್ಳಿ ಮಾರಾಯ್ರೇ” ಎಂದರು. ಯಾಕೆಂದು ಅವರಿಗೆ ವಿವರಿಸಿದೆ. ಕಾವಲಿನವನಿಗೂ ವಿವರಿಸಿದೆ. ಲಿಫ್ಟಿನಲ್ಲಿ ಜೊತೆಗೆ ಬಂದವರಿಗೂ ಹೇಳಿದೆ. ಒಬ್ಬರು ಮಹಡಿ ಬಂದರೂ ಇಳಿಯದೆ ಕೇಳಿದರು. ಇನ್ನೊಬ್ಬರು ಬೇಗ ಇಳಿದುಹೋದರು.

ದಪ್ಪಣ್ಣನ ಗಂಟಲು ಸರಿಹೋಗಿದೆ. ಆದರೂ ಯಾಕೋ ಈಚೆಗೆ ಅವನು ಜಾಸ್ತಿ ಮಾತಾಡುವುದಿಲ್ಲ.

ಮಾರ್ಚ್ ೨೮, ಶುಕ್ರವಾರ

ಬೆಳಿಗ್ಗೆ ಒಳಗೆ ಕರೆದೊಯ್ದರು. ಹೋಗುವಾಗ ತಳ್ಳುಮಂಚದಿಂದ ಕೈ ಚಾಚಿ ನನ್ನ ತಲೆಯ ಪೊದೆಯ ಭಾಗ ಎಳೆದಳು.

ಕಾಯುವ ಕೋಣೆಯಲ್ಲಿ ಮಗಳಿಗೆ ಹೋದ ಶುಕ್ರವಾರದ್ದು ಕ್ಷಮಿಸು ಎಂದೆ. “ಯಾವ್ದು?” ಎಂದಳು. ಮರೆತಿದ್ದಳೋ, ಮರೆತ ಹಾಗೆ ಮಾಡಿದಳೋ. ನನ್ನ ಹೆಗಲಿಗೆ ಒರಗಿ ಕೂತಳು.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದರು. ಮುಖಕ್ಕೆ ಕಟ್ಟಿದ್ದ ಬಟ್ಟೆ ಇಳಿಸಿ, “ಆಯ್ತು” ಎಂದರು.

ಯಾವ ಆಯ್ತು? ಕೆಲಸ ಮುಗೀತು ಅಂತಲೋ, ಎಲ್ಲಾ ಮುಗೀತು ಅಂತಲೋ? ಇಂಗ್ಲಿಷಿನ ಆ ಮಾತನ್ನು ಇಷ್ಟು ದಿನ ಬೈದುಕೊಂಡೆನಲ್ಲ, ನಮ್ಮದೇ ಮಾತು ಅದಕ್ಕಿಂತ ಕಡಿಮೆಯದೇನಲ್ಲ.

“ಆಯ್ತು ಅಂದ್ರೆ ಏನಾಯ್ತು ಡಾಕ್ಟ್ರೇ?” ಎಂದು ಕಿರುಚಿದೆ. ಪಕ್ಕದವರೆಲ್ಲ ತಿರುಗಿ ನೋಡಿದರು.

“ಚೆನ್ನಾಗಿ ಆಯ್ತು ಅಂದೆ. ನಾಳ ಶುಚಿಯಾಗಿದೆ. ಎಚ್ಚರವಾಗಿ ಎಡಗೈ ಆಡಿಸಿದ್ರು, ಬಲಗೈ ಬೆರಳನ್ನೂ ಒಂಚೂರು. ಕೂತ್ಕೊಳ್ಳಿ ನೀವು ಮೊದಲು.”

ಕೂತೆ. ಎಷ್ಟೋ ವಾರದಿಂದ ಎದೆಯ ಮೇಲೆ ಯಾರೋ ಕೂತಿದ್ದವರು ಎದ್ದುಹೋದ ಹಾಗಾಯಿತು.

ಮಾರ್ಚ್ ೨೯, ಶನಿವಾರ

ಇವಳಿಗೆ ಎಚ್ಚರವಾಗಿತ್ತು, ಆದರೆ ಏನೂ ಅನ್ನಲಿಲ್ಲ. ಡನ್ ಕೂಡ ಇಲ್ಲ. ಅದೂ ಹೋಯಿತೇ ಎಂದು ಮಗಳೂ ನಾನೂ ಮುಖ ಮುಖ ನೋಡಿಕೊಂಡೆವು. ಅಲ್ಲಿಯವರೆಗೆ ಹಾಳು ಮಾತು ಅನಿಸಿದ್ದು, ಅದೊಂದು ಬಂದರೆ ಸಾಕು ದೇವರೇ ಅನಿಸಿತು. ನರ್ಸಮ್ಮ ಒಳಗೆ ಬಂದು “ಸಾರ್, ಆಸ್ಪತ್ರೆ ಒಳಗೆ ಟೋಪಿ ತೆಗೀರಿ” ಎಂದು ಗದರಿದರು. ತೆಗೆದೆ. ನರ್ಸಮ್ಮ ಬೆಚ್ಚಿದರು. ಇವಳು ನಕ್ಕಳು, ಹೊಲಿಗೆ ಹಾಕಿದ ಜಾಗ ಹಿಡಿದುಕೊಂಡು, ನೋವಿಗೆ ಮುಖ ಕಿವುಚಿ.

“ಡನ್, ಡನ್” ಎಂದಳು ನರ್ಸಮ್ಮನಿಗೆ. ಇದು ನನ್ನ ಕೆಲಸ ಎಂದು. ಹೆಮ್ಮೆಯಿಂದ.

ಏಪ್ರಿಲ್ ೬, ಭಾನುವಾರ

ಇನ್ನರ್ಧ ಕತ್ತರಿಸಿದಳು. ಎರಡೂ ಬದಿ ಸಮವಾಗಿಲ್ಲ. ಯಾರು ಕೇಳುತ್ತಾರೆ. ಬಲಗೈಯ ಎರಡು ಬೆರಳಲ್ಲಿ ಬಾಚಣಿಗೆ ನಿಂತಿತು, ಸ್ವಲ್ಪ ಹೊತ್ತು.

ಏಪ್ರಿಲ್ ೧೬, ಬುಧವಾರ

ಇವತ್ತು ದೊಡ್ಡ ದಿನ. ಮಗಳು ಗಿಡ್ಡಿಗೆ, ಮೇಡಂಗೆ, ಗೊತ್ತಿದ್ದವರಿಗೆಲ್ಲ ಫೋನು ಮಾಡುತ್ತಿದ್ದಾಳೆ, ನನಗೆ ಮಾತಾಡಲು ಯಾರೂ ಸಿಗುತ್ತಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತೇನೆ.

ಊಟದ ಹೊತ್ತಿಗೆ ಇವಳಿಗೆ ಇವತ್ತಿನ ಕೆಲಸದ ವಿಷಯ ಹೇಳುತ್ತಿದ್ದೆ. ಒಂದು ಹಳೇ ಲಿಫ್ಟು, ಮೂರನೇ ಮಹಡಿಗೆ ಬಂದಾಗ ಮಾತ್ರ ಹಂದಿಯ ಹಾಗೆ ಕಿರುಚುತ್ತದೆ, ಬೇರೆಲ್ಲೂ ಇಲ್ಲ. ಮೊದಲು ಕಂಬಿ ನೋಡಿದೆವು, ಆಮೇಲೆ ಬ್ರೇಕು ನೋಡಿದೆವು. ದಪ್ಪಣ್ಣ ಬ್ರೇಕೇ ಅಂದ, ನಾನು ಅಲ್ಲ ಅಂದೆ, ಯಾಕೆ ಅಲ್ಲ ಅಂದರೆ ಬ್ರೇಕಿನ ಒಳಗೆ ಎರಡು ಪಟ್ಟಿಗಳಿರುತ್ತವೆ, ಅವು ಯಾವುದರಿಂದ ಮಾಡಿದ್ದು ಅಂದರೆ... ಎಂದು ಹೇಳುತ್ತಾ ತಟ್ಟೆಯ ಮೇಲೆ ಚಮಚ ಇಟ್ಟು ತೋರಿಸುತ್ತಿದ್ದೆ. ಮಗಳು ಎರಡು ಸಲ ಆಕಳಿಸಿದಳು, ಕಾಲೇಜಿನ ಓದು ಹೆಚ್ಚಾಗಿರಬೇಕು.

ಇವಳ ತುಟಿ ಆಡಿತು. ಡನ್ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಬಾಯಿ ಅಗಲಿಸಿ ಹಲ್ಲು ಕಚ್ಚಿ, ಭಾರ ಎತ್ತುವವಳ ಹಾಗೆ,

“ರೀ” ಎಂದಳು.

ಚಮಚ ಕೈಯಿಂದ ಜಾರಿತು. ಮಗಳು ನಿಂತುಬಿಟ್ಟಳು. ಮದುವೆಯಾದ ದಿನದಿಂದ ಇವಳು ನನ್ನನ್ನು ಕರೆಯುತ್ತಿದ್ದದ್ದು ಅದೇ. ಅಡುಗೆಮನೆಯಿಂದ ರೀ, ಬೀದಿಯಾಚೆಯಿಂದ ರೀ, ನಿದ್ದೆಯಲ್ಲೂ ರೀ. “ಏನೇ? ಏನೇ? ಇನ್ನೊಂದ್ಸಲ ಹೇಳೇ!” ಎಂದೆ.

ಇವಳು ಮತ್ತೆ ಉಸಿರು ಕೂಡಿಸಿಕೊಂಡಳು. ಎಡಗೈಯನ್ನು ಮೇಜಿನ ಮೇಲೆ ಊರಿದಳು.

“ರೀ... ಸಾಕು.”

ಎರಡು ಮಾತು! ಒಂದರ ಹಿಂದೆ ಒಂದು! ನಾನು ಎದ್ದು ಅನ್ನದ ಪಾತ್ರೆ ಪಕ್ಕಕ್ಕೆ ಸರಿಸಿದೆ, ಊಟ ಸಾಕಾಯಿತೇನೋ ಎಂದು. ಅದಲ್ಲ ಎಂಬಂತೆ ಕೈಯಾಡಿಸಿದಳು. ಬೆನ್ನಿನ ಹಿಂದಿನ ದಿಂಬು ತೆಗೆದೆ. ಅದೂ ಅಲ್ಲ. ಫ್ಯಾನು ಆರಿಸಿದೆ. ಮಗಳು ಕಣ್ಣೀರು ಒರೆಸಿಕೊಳ್ಳುತ್ತಾ ನಗುತ್ತಾ ಗೋಡೆ ಹಿಡಿದುಕೊಂಡಿದ್ದಳು.

“ಅಪ್ಪಾ, ನಿನ್ನ ಮಾತು ಸಾಕು ಅಂತಿದ್ದಾಳೆ ಅಮ್ಮ!”

ಇವಳು ಹೌದೆಂದು ತಲೆಯಾಡಿಸಿದಳು. ಈ ಸಲ ಅದಲುಬದಲಾಗಿರಲಿಲ್ಲ. ಆಮೇಲೆ ಬಲಗೈಯನ್ನು ತಾನೇ ಎತ್ತಿ, ನಡುಗಿಸುತ್ತಲೇ, ನನ್ನ ಕೈಯ ಮೇಲಿಟ್ಟಳು.

ಇಬ್ಬರೂ ಸೇರಿ ತಮಾಷೆ ಮಾಡುತ್ತಿದ್ದಾರೆ, ಇರಲಿ. ನಾನೇನು ಅಷ್ಟು ಮಾತಾಡುವವನಲ್ಲ, ಯಾರನ್ನು ಬೇಕಾದರೂ ಕೇಳಲಿ. ಆದರೆ ಈ ಗಡಿಬಿಡಿಯಲ್ಲಿ ಮೂರನೇ ಮಹಡಿ ಯಾಕೆ ಕಿರುಚುತ್ತಿತ್ತು ಎಂಬುದನ್ನು ಹೇಳುವುದೇ ಉಳಿದುಹೋಯಿತು. ಬೆಳಿಗ್ಗೆ ಕಾಫಿ ಕುಡಿಯುವಾಗ ಇವಳಿಗೆ ಹೇಳಬೇಕು.